ಎ ಮೈನರ್‌ನಲ್ಲಿ ಇಳಿದ ಸ್ವರ ಯಾವುದು?

ಪ್ರಶ್ನೆ: ಎಂಟು ತಿಂಗಳಿಂದ ಕೀಬೋರ್ಡ್ ಕಲಿಯುತ್ತಿದ್ದೇನೆ. ಮೇಜರ್ ಕಾರ್ಡ್‌ಗಳು (ಒಟ್ಟಿಗೆ ಒತ್ತುವ ಮೂರು ಸ್ವರಗಳ ಗುಂಪುಗಳು) ಕೈಗೆ ಕೂತಿವೆ. ಮೈನರ್ ಹತ್ತಿರ ಬಂದಾಗ ಗೊಂದಲ ಶುರುವಾಗುತ್ತದೆ. ‘ಮೇಜರ್ ಕಾರ್ಡಿನ ನಡುವಿನ ಸ್ವರವನ್ನು ಅರ್ಧ ಇಳಿಸಿದರೆ ಮೈನರ್’ ಎಂದು ಓದಿದ್ದೇನೆ. ಆದರೆ ಎ ಮೈನರ್‌ನಲ್ಲಿ ಮೂರೂ ಬಿಳಿ ಕೀಗಳೇ. ಅಲ್ಲಿ ಇಳಿದದ್ದು ಯಾವುದು? ಸಿ ಮೇಜರ್ ಸ್ಕೇಲಿನ ಹಾಡಿನೊಳಗೆ ಮೈನರ್ ಕಾರ್ಡ್‌ಗಳು ಯಾಕೆ ಬರುತ್ತವೆ? ಮೈನರ್ ಅಂದರೆ ದುಃಖ ಅನ್ನುತ್ತಾರೆ. ನಾನು ನುಡಿಸುವ ಒಂದು ಕುಣಿತದ ಹಾಡಿನಲ್ಲಿ ಮೂರು ಮೈನರ್‌ಗಳಿವೆ, ದುಃಖ ಎಲ್ಲೂ ಕೇಳಿಸುವುದಿಲ್ಲ. ಹನ್ನೆರಡು ಮೈನರ್‌ಗಳನ್ನೂ ಬಾಯಿಪಾಠ ಮಾಡುವುದೊಂದೇ ದಾರಿಯೇ?

ಉತ್ತರ: ಮೊದಲ ಗಂಟಿನಿಂದಲೇ ಶುರು ಮಾಡೋಣ. ಅದು ಬಿಚ್ಚಿಕೊಂಡರೆ ಉಳಿದವು ತಾವಾಗಿ ಸಡಿಲವಾಗುತ್ತವೆ. ‘ಇಳಿಸುವುದು’ ಎಂದಾಗ ನಿಮ್ಮ ಕಣ್ಣ ಮುಂದೆ ಬಂದದ್ದು ಬಿಳಿ ಕೀಯಿಂದ ಕಪ್ಪು ಕೀಗೆ ಜರುಗುವ ಬೆರಳು. ಸಿ ಮೇಜರ್‌ನಿಂದ ಸಿ ಮೈನರ್‌ಗೆ ಹೋಗುವಾಗ ಆಗುವುದು ಹಾಗೆಯೇ: ಸಿ, ಇ, ಜಿ ಇದ್ದದ್ದು ಸಿ, ಇ ಫ್ಲಾಟ್ (ಇ ಯ ಎಡಪಕ್ಕದ ಕಪ್ಪು ಕೀ), ಜಿ ಆಗುತ್ತದೆ. ಆದರೆ ಎ ಮೈನರ್ ಅನ್ನು ಹೋಲಿಸಬೇಕಾದದ್ದು ಸಿ ಮೇಜರ್ ಜೊತೆಗಲ್ಲ, ಎ ಮೇಜರ್ ಜೊತೆಗೆ. ಎ ಮೇಜರ್ ಎಂದರೆ ಎ, ಸಿ ಶಾರ್ಪ್ (ಸಿ ಯ ಬಲಪಕ್ಕದ ಕೀ), ಇ. ನಡುವೆ ಇರುವುದು ಕಪ್ಪು ಕೀ. ಅದು ಒಂದು ಮೆಟ್ಟಿಲು ಕೆಳಗೆ ಬಂದು ಬಿಳಿಯ ಸಿ ಆಯಿತು. ನೀವು ಹುಡುಕುತ್ತಿದ್ದ ‘ಇಳಿದ ಸ್ವರ’ ಅದೇ. ಬಿಳಿ ಕೀ ಮೇಲೆ ಇರುವುದರಿಂದ ಅದು ಇಳಿದು ಬಂದದ್ದು ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ, ಅಷ್ಟೆ.

ಹಾಗಾಗಿ ಬಣ್ಣ ಮರೆತು ಎಣಿಸಿ. ಒಂದು ಕೀಯಿಂದ ಅದರ ಪಕ್ಕದ ಕೀಗೆ, ಕಪ್ಪೋ ಬಿಳಿಯೋ ಯಾವುದನ್ನೂ ಬಿಡದೆ ಹೋದರೆ, ಒಂದು ಸೆಮಿಟೋನ್. ಎ ಮೇಲೆ ಬೆರಳಿಟ್ಟು ಮೂರು ಸೆಮಿಟೋನ್ ಹತ್ತಿ: ಎ ಶಾರ್ಪ್, ಬಿ, ಸಿ. ಅಲ್ಲಿಂದ ಇನ್ನು ನಾಲ್ಕು: ಸಿ ಶಾರ್ಪ್, ಡಿ, ಡಿ ಶಾರ್ಪ್, ಇ. ಮೊದಲು ಮೂರು, ಆಮೇಲೆ ನಾಲ್ಕು ಆದರೆ ಮೈನರ್. ಮೊದಲು ನಾಲ್ಕು, ಆಮೇಲೆ ಮೂರು ಆದರೆ ಮೇಜರ್. ಎರಡರಲ್ಲೂ ಒಟ್ಟು ಏಳೇ, ಆದ್ದರಿಂದ ಹೊರಗಿನ ಎರಡು ಸ್ವರಗಳು ಅಲುಗುವುದಿಲ್ಲ. ನಡುವಿನದೊಂದೇ ಆ ಕಡೆಗೋ ಈ ಕಡೆಗೋ ವಾಲುತ್ತದೆ.

ಮೈನರ್ ಎಂಬ ಹೆಸರೂ ಈ ಅಳತೆಯಿಂದಲೇ ಬಂದದ್ದು. ಲ್ಯಾಟಿನ್ನಿನಲ್ಲಿ ಆ ಪದಕ್ಕೆ ‘ಚಿಕ್ಕದು’ ಎಂಬ ಅರ್ಥ. ಕಾರ್ಡಿಗೆ ಹೆಸರು ಕೊಡುವ ಮೂಲ ಸ್ವರದಿಂದ ನಡುವಿನ ಸ್ವರಕ್ಕೆ ಇರುವ ಅಂತರ ಚಿಕ್ಕದು. ಹೆಸರಿನಲ್ಲಿ ಇರುವುದು ಅಷ್ಟೇ, ಭಾವದ ಸುದ್ದಿ ಅಲ್ಲಿಲ್ಲ. ಜರ್ಮನ್ನರು ಮೈನರ್‌ಗೆ ‘ಮೋಲ್’ ಎನ್ನುತ್ತಾರೆ, ಅದು ‘ಮೆದು’ ಎಂಬ ಲ್ಯಾಟಿನ್ ಪದದಿಂದ ಬಂದದ್ದು. ನನಗೆ ಆ ಹೆಸರು ಹೆಚ್ಚು ಇಷ್ಟ. ನಮ್ಮ ಸ್ವರಸ್ಥಾನಗಳಲ್ಲಿ ಹೇಳುವುದಾದರೆ ಮಾತು ಇನ್ನೂ ಹಗುರ: ಎ ಅನ್ನು ಷಡ್ಜವಾಗಿ ಹಿಡಿದರೆ ಷಡ್ಜ, ಸಾಧಾರಣ ಗಾಂಧಾರ, ಪಂಚಮ ಸೇರಿದ್ದು ಎ ಮೈನರ್, ಷಡ್ಜ, ಅಂತರ ಗಾಂಧಾರ, ಪಂಚಮ ಸೇರಿದ್ದು ಎ ಮೇಜರ್. ಬದಲಾಗುವುದು ಗಾಂಧಾರ ಒಂದೇ.

ಒಂದು ಎಚ್ಚರಿಕೆ. ಈ ಮೂರು–ನಾಲ್ಕರ ಎಣಿಕೆ ಮೂಲ ಸ್ವರ ಎಲ್ಲಕ್ಕಿಂತ ಕೆಳಗಿದ್ದಾಗ ಮಾತ್ರ ಸರಿ. ಅದೇ ಎ ಮೈನರ್ ಅನ್ನು ಸಿ, ಇ, ಎ ಎಂದು ತಿರುಗಿಸಿ ಹಿಡಿದರೆ ಕೆಳಗಿನಿಂದ ನಾಲ್ಕು, ಆಮೇಲೆ ಐದು ಬರುತ್ತದೆ. ಮೊದಲಿಗೆ ನಾಲ್ಕು ಕಂಡದ್ದರಿಂದ ಇದು ಮೇಜರ್ ಇರಬೇಕು ಎಂದು ಎಷ್ಟೋ ಜನ ಎಡವುತ್ತಾರೆ. ಮೊದಲು ಸ್ವರಗಳನ್ನು ಒಂದು ಬಿಟ್ಟು ಒಂದರಂತೆ ಜೋಡಿಸಿಕೊಳ್ಳಿ, ಎ–ಸಿ–ಇ, ಆಮೇಲೆ ಎಣಿಸಿ.

ಇನ್ನು ಕಿವಿಯ ವಿಷಯ. ನನಗೆ ಅತ್ಯಂತ ಪ್ರೀತಿಯ ಭಾಗ ಇದು. ಲೆಕ್ಕದಲ್ಲಿ ಜರುಗಿದ್ದು ಒಂದೇ ಸೆಮಿಟೋನ್. ಕಿವಿಗೆ ಮಾತ್ರ ಮೋಡ ಬಂದು ಇಡೀ ಬಯಲಿನ ಬೆಳಕೇ ಬದಲಾದ ಹಾಗೆ. ಇಷ್ಟು ಸಣ್ಣ ಚಲನೆಗೆ ಅಷ್ಟು ದೊಡ್ಡ ಪರಿಣಾಮ ಎಲ್ಲಿಂದ ಬಂತು?

ತಂಬೂರಿಯ ಪಕ್ಕ ಕೂತು ಕೇಳಿದ್ದರೆ ಉತ್ತರದ ಅರ್ಧ ನಿಮಗೆ ಗೊತ್ತಿರುತ್ತದೆ. ಅಲ್ಲಿ ಮೀಟುವುದು ಷಡ್ಜ ಪಂಚಮಗಳನ್ನು ಮಾತ್ರ. ಶ್ರುತಿ ಹದವಾಗಿ ಸೇರಿತೆಂದರೆ ಯಾರೂ ಮೀಟದ ಗಾಂಧಾರವೊಂದು ಮೇಲಿನಿಂದ ಸಣ್ಣಗೆ ಕೇಳತೊಡಗುತ್ತದೆ. ಅದನ್ನು ಸ್ವಯಂಭೂ ಗಾಂಧಾರ ಎನ್ನುತ್ತೇವೆ. ಅದು ಅಂತರ ಗಾಂಧಾರ, ಅಂದರೆ ಮೇಜರ್ ಕಾರ್ಡಿನ ಗಾಂಧಾರ. ತಂತಿ ಇಡಿಯಾಗಿ ಕಂಪಿಸುವಾಗಲೇ ಎರಡು, ಮೂರು, ನಾಲ್ಕು, ಐದು ಭಾಗಗಳಾಗಿಯೂ ಕಂಪಿಸುತ್ತಿರುತ್ತದೆ. ಆ ಭಾಗಗಳಿಂದ ಹುಟ್ಟುವ ಸಣ್ಣ ಸ್ವರಗಳೇ ಹಾರ್ಮೋನಿಕ್‌ಗಳು. 220 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 220 ಸಲ ಕಂಪಿಸುವ, ಎ ಒಂದನ್ನು ನುಡಿಸಿದರೆ ಅದರ ಜೊತೆಗೇ 440, 660, 880, 1100 ಹರ್ಟ್ಸ್ ಕೂಡ ಸಣ್ಣಗೆ ನುಡಿಯುತ್ತವೆ. 440 ಮತ್ತು 880 ಮೇಲಿನ ಸ್ಥಾಯಿಯ ಎ. 660 ಎಂದರೆ ಇ. 1100 ಎಂದರೆ ಸಿ ಶಾರ್ಪ್. ಎ, ಸಿ ಶಾರ್ಪ್, ಇ: ಒಂದೇ ಒಂದು ಎ ಸ್ವರದ ಹೊಟ್ಟೆಯೊಳಗೆ ಎ ಮೇಜರ್ ಆಗಲೇ ಕೂತಿದೆ. ಮೇಜರ್ ಕಾರ್ಡ್ ಹಿಡಿದಾಗ ನೀವು ಮಾಡುವುದು ಸ್ವರ ತಾನಾಗಿ ಆಡುತ್ತಿದ್ದ ಮಾತನ್ನು ಗಟ್ಟಿಯಾಗಿ ಹೇಳುವುದು.

ಈಗ ಮೈನರ್ ಹಿಡಿಯಿರಿ. ಎ ಮೇಲಿನ ಸಿ ಸುಮಾರು 261.6 ಹರ್ಟ್ಸ್. ಅದರ ನಾಲ್ಕನೆಯ ಹಾರ್ಮೋನಿಕ್, ಅಂದರೆ ಅದರ ನಾಲ್ಕು ಪಟ್ಟು, ಸುಮಾರು 1046.5. ಕೆಳಗಿನ ಎ ತನ್ನ ಪಾಡಿಗೆ 1100ರ ಸಿ ಶಾರ್ಪ್ ಅನ್ನು ಎತ್ತುತ್ತಲೇ ಇದೆ. ಪಕ್ಕಪಕ್ಕದ ಎರಡು ಸ್ವರಗಳು, ಹೆಚ್ಚುಕಡಿಮೆ ಒಂದೇ ಸೆಮಿಟೋನ್ ದೂರದಲ್ಲಿ, ಮೇಲೆ ಎಲ್ಲೋ ಸಣ್ಣಗೆ ಉಜ್ಜಿಕೊಳ್ಳುತ್ತವೆ. ಅಂತರ ಗಾಂಧಾರ ತಾನಾಗಿ ಹುಟ್ಟುತ್ತಿರುವ ಕಡೆ ನೀವು ಸಾಧಾರಣ ಗಾಂಧಾರವನ್ನು ತಂದು ನಿಲ್ಲಿಸಿದ್ದೀರಿ. ಅಪಸ್ವರ ಆಗುವಷ್ಟು ಗಟ್ಟಿಯಲ್ಲ ಆ ಉಜ್ಜಾಟ. ಕಾರ್ಡಿನ ಮೇಲೆ ತೆಳುವಾದ ನೆರಳು ಬೀಳುವಷ್ಟು. ಪಿಯಾನೊದ ಎಡತುದಿಗೆ ಹೋಗಿ ಎ ಮೈನರ್ ಒತ್ತಿದರೆ ಈ ನೆರಳು ಗಾಢವಾಗುತ್ತದೆ, ಮೇಲಿನ ಸ್ಥಾಯಿಯಲ್ಲಿ ತೆಳುವಾಗುತ್ತದೆ. ನಿಧಾನವಾಗಿ, ಪ್ರತಿ ಕಾರ್ಡನ್ನೂ ಪೂರ್ತಿ ಕರಗುವವರೆಗೆ ಬಿಟ್ಟು ಕೇಳಿ.

ಲೆಕ್ಕ ಇಷ್ಟಪಡುವವರಿಗೆ ಇನ್ನೊಂದು ಮಾತು. ಶುದ್ಧ ಅನುಪಾತದಲ್ಲಿ ಮೇಜರ್ ಕಾರ್ಡಿನ ಮೂರು ಸ್ವರಗಳು 4:5:6, ಮೈನರ್‌ನವು 10:12:15. ಎ ಮೇಜರ್ 220, 275, 330 ಹರ್ಟ್ಸ್ ಆದರೆ ಮೂರನ್ನೂ ಭಾಗಿಸುವ ಸಂಖ್ಯೆ 55. ಅದೂ ಎ ಸ್ವರವೇ, ಎರಡು ಸ್ಥಾಯಿ ಕೆಳಗಿನದು. ಎ ಮೈನರ್ 220, 264, 330 ಆದರೆ ಭಾಗಿಸುವ ಸಂಖ್ಯೆ 22. ಅದು ಎ ಅಲ್ಲ, ತೀರ ಕೆಳಗಿನ ಎಫ್! ಮೇಜರ್‌ನ ಬೇರು ಅದರ ಕಾಲ ಕೆಳಗೇ ಇದೆ, ಮೈನರ್‌ನ ಬೇರು ಪಕ್ಕದ ಹೊಲದಲ್ಲಿದೆ. ಇದು ಬರೀ ಅಂಕಿಗಳ ಆಟವಲ್ಲ. ಬಲಗೈಯಲ್ಲಿ ಎ ಮೈನರ್ ಹಿಡಿದು ಎಡಗೈಯಲ್ಲಿ ಎಫ್ ಒತ್ತಿ ನೋಡಿ. ಕಾರ್ಡ್ ಕದಡುವುದಿಲ್ಲ, ಅರಳುತ್ತದೆ. ಅದಕ್ಕೆ ಎಫ್ ಮೇಜರ್ ಸೆವೆಂತ್ ಎಂದು ಹೆಸರು. (ನಿಮ್ಮ ಕೀಬೋರ್ಡ್ ಹನ್ನೆರಡು ಸ್ವರಗಳನ್ನೂ ಸಮನಾಗಿ ಹಂಚಿಕೊಂಡಿರುವುದರಿಂದ ಅದರ ಸಿ 264 ಅಲ್ಲ, 261.6. ಶುದ್ಧ ಅನುಪಾತಕ್ಕಿಂತ ಕೂದಲೆಳೆಯಷ್ಟು ಕೆಳಗೆ. ಹಾಡುವವರು, ಪಿಟೀಲು ನುಡಿಸುವವರು ಇದನ್ನು ಕಿವಿಯಿಂದಲೇ ಸರಿಪಡಿಸಿಕೊಳ್ಳಬಲ್ಲರು.)

ಈ ನೆರಳನ್ನೇ ಜನ ದುಃಖ ಎಂದು ಕರೆದರು. ಹಾಗೆ ಕರೆದದ್ದು ಇವತ್ತು ನಿನ್ನೆಯಲ್ಲ. ಇಟಲಿಯ ಸಂಗೀತಶಾಸ್ತ್ರಜ್ಞ ಜೊಸೆಫೊ ಜಾರ್ಲಿನೊ 1558ರಲ್ಲೇ, ದೊಡ್ಡ ಅಂತರ ಕೆಳಗಿದ್ದರೆ ಸ್ವರಮೇಳ ಉಲ್ಲಾಸದ್ದು, ಚಿಕ್ಕದು ಕೆಳಗಿದ್ದರೆ ಶೋಕದ್ದು ಎಂಬ ಅರ್ಥದಲ್ಲಿ ಬರೆದಿದ್ದ. ಆಮೇಲೆ ಬಹಳ ಕಾಲ ಮೈನರ್ ಸ್ಕೇಲಿನ ಕೃತಿಗಳನ್ನೂ ಕೊನೆಯಲ್ಲಿ ಮೇಜರ್ ಕಾರ್ಡಿಗೆ ತಂದು ನಿಲ್ಲಿಸುವ ರೂಢಿಯಿತ್ತು, ಮೈನರ್ ಮೇಲೆ ಪೂರ್ತಿ ನೆಲೆ ನಿಂತ ಹಾಗೆ ಅನಿಸುವುದಿಲ್ಲ ಎಂದು. ಹಾಗೆ ಕೊನೆಗೆ ಏರಿಸುವ ಗಾಂಧಾರಕ್ಕೆ ಪಿಕಾರ್ಡಿ ಥರ್ಡ್ ಎಂಬ ಹೆಸರೇ ಇದೆ. ತಂಬೂರಿಯ ಸ್ವಯಂಭೂ ಗಾಂಧಾರವನ್ನು ನೆನೆಸಿಕೊಂಡರೆ ಅವರ ಕಿವಿ ಏನು ಬೇಡುತ್ತಿತ್ತು ಎಂದು ಅರ್ಥವಾಗುತ್ತದೆ.

ಆದರೂ ‘ಮೈನರ್ ಎಂದರೆ ದುಃಖದ ಕಾರ್ಡ್’ ಎಂಬ ಪರಿಚಯ ಕಲಿಯುವವರಿಗೆ ಮಾಡುವ ಹಾನಿ ದೊಡ್ಡದು ಎಂದೇ ನಾನು ತಿಳಿದಿದ್ದೇನೆ. ಆ ಒಂದು ಮಾತು ಕಿವಿಗೆ ಬಿದ್ದ ಮೇಲೆ ಮೈನರ್ ಬಂದಲ್ಲೆಲ್ಲ ಕೈ ತಾನಾಗಿ ಮೆತ್ತಗಾಗುತ್ತದೆ, ಲಯ ಜೋಲುತ್ತದೆ. ನಿಮ್ಮ ಕಿವಿ ಆ ಬಲೆಗೆ ಬಿದ್ದಿಲ್ಲ. ಕುಣಿತದ ಹಾಡಿನಲ್ಲಿ ನಿಮಗೆ ದುಃಖ ಕೇಳಿಸದಿದ್ದರೆ ಅಲ್ಲಿ ಅದು ಇಲ್ಲ. ದುಃಖ ಹುಟ್ಟುವುದಕ್ಕೆ ವೇಗ, ಸ್ಥಾಯಿ, ದನಿಯ ಬಲ, ಸಾಹಿತ್ಯ, ಹಿಂದೆ ಬಂದ ಕಾರ್ಡ್, ಇಷ್ಟೂ ಸೇರಬೇಕು. ತಾಳದ ವೇಗ ತೋರಿಸುವ ಮೆಟ್ರೊನೋಮನ್ನು ನಿಮಿಷಕ್ಕೆ 60 ಪೆಟ್ಟಿಗೆ ಇಟ್ಟು ಎ ಮೈನರ್ ಅನ್ನು ಕೆಳಗಿನ ಸ್ಥಾಯಿಯಲ್ಲಿ ಉದ್ದಕ್ಕೆ ಹಿಡಿಯಿರಿ. ಆಮೇಲೆ 140ಕ್ಕೆ ಇಟ್ಟು ಅದೇ ಕಾರ್ಡನ್ನು ಎರಡು ಸ್ಥಾಯಿ ಮೇಲೆ, ತಾಳದ ಎರಡು ಪೆಟ್ಟಿನ ನಡುವಿನ ಜಾಗದಲ್ಲಿ ಮೊಟಕಾಗಿ ಕುಟ್ಟಿ. ಕಾರ್ಡ್ ಒಂದೇ, ಅದರ ಮುಖ ಮಾತ್ರ ಬೇರೆ.

ಬೀಥೋವನ್‌ನ ಐದನೆಯ ಸಿಂಫನಿಯ ಆರಂಭ ಇದಕ್ಕೆ ಒಳ್ಳೆಯ ಉದಾಹರಣೆ. ಮೂರು ಜಿ, ಆಮೇಲೆ ಉದ್ದನೆಯ ಒಂದು ಇ ಫ್ಲಾಟ್. ಅಲ್ಲಿ ಕಾರ್ಡೇ ಇಲ್ಲ, ನುಡಿಯುತ್ತಿರುವ ತಂತಿವಾದ್ಯಗಳೂ ಕ್ಲಾರಿನೆಟ್‌ಗಳೂ ಒಂದೇ ಸ್ವರ ಹಿಡಿದಿವೆ. ಜಿ ಮತ್ತು ಇ ಫ್ಲಾಟ್ ನಡುವೆ ಎಣಿಸಿ: ನಾಲ್ಕು ಸೆಮಿಟೋನ್, ಅಂದರೆ ಮೇಜರ್ ಅಂತರ! ಬರೀ ಆ ನಾಲ್ಕು ಸ್ವರ ಕೇಳಿದರೆ ಅದು ಇ ಫ್ಲಾಟ್ ಮೇಜರ್ ಆಗಿರಲೂ ಸಾಧ್ಯ. ಮುಂದೆ ಸಿ ಬಂದು ಕೂತ ಮೇಲೆಯೇ ಎಲ್ಲವೂ ಸಿ ಮೈನರ್ ಎಂದು ಖಚಿತವಾಗುವುದು. ಪ್ರತಿ ಮೈನರ್ ಕಾರ್ಡಿನ ಮೇಲ್ಭಾಗದಲ್ಲಿ ಒಂದು ಮೇಜರ್ ಅಂತರ ಅಡಗಿರುತ್ತದೆ, ಮೂರರ ಮೇಲಿನ ಆ ನಾಲ್ಕು. ಅದನ್ನು ಯಾವ ಬಣ್ಣದಲ್ಲಿ ಕೇಳಬೇಕೆಂದು ಹೇಳುವುದು ಕೆಳಗಿನ ಸ್ವರ.

ನಿಮ್ಮ ಇನ್ನೊಂದು ಪ್ರಶ್ನೆ, ಮೇಜರ್ ಸ್ಕೇಲಿನ ಹಾಡಿಗೆ ಮೈನರ್ ಕಾರ್ಡ್‌ಗಳು ಹೇಗೆ ಬಂದವು ಎಂಬುದು. ಅವು ಹೊರಗಿನಿಂದ ಬಂದ ನೆಂಟರಲ್ಲ, ಆ ಮನೆಯಲ್ಲೇ ಹುಟ್ಟಿದವು. ಸಿ ಸ್ಕೇಲಿನ ಬಿಳಿ ಕೀಗಳನ್ನು ಮಾತ್ರ ಬಳಸಿ, ಒಂದು ಬಿಟ್ಟು ಒಂದರಂತೆ ಮೂರು ಸ್ವರ ಹಿಡಿಯುತ್ತಾ ಹೋಗಿ. ಸಿ, ಎಫ್, ಜಿ ಮೇಲೆ ಮೇಜರ್ ಸಿಗುತ್ತದೆ. ಡಿ, ಇ, ಎ ಮೇಲೆ ಮೈನರ್ ಸಿಗುತ್ತದೆ. ಬಿ ಮೇಲೆ ಮೂರು ಮತ್ತು ಮೂರರ ಡಿಮಿನಿಶ್ಡ್, ಅದನ್ನು ಸದ್ಯಕ್ಕೆ ಬಿಡಿ. ನಿಮ್ಮ ಕುಣಿತದ ಹಾಡು ಸಿ ಸ್ಕೇಲಿನಲ್ಲಿದ್ದರೆ ಅದರ ಮೂರು ಮೈನರ್‌ಗಳು ಬಹುಮಟ್ಟಿಗೆ ಇವೇ ಇರುತ್ತವೆ.

ಇವು ಮೇಜರ್‌ಗಳಿಗೆ ಎಷ್ಟು ಹತ್ತಿರದವು ಎಂದರೆ, ಎ ಮೈನರ್ ಮತ್ತು ಸಿ ಮೇಜರ್ ನಡುವೆ ಎರಡು ಸ್ವರ ಸಮಾನ: ಸಿ ಮತ್ತು ಇ. ಸಿ ಮೇಜರ್ ಹಿಡಿದು ಜಿ ಅನ್ನು ಎ ಗೆ ಏರಿಸಿದರೆ ಸಾಕು, ಎ ಮೈನರ್. ಸಿ ಅನ್ನು ಬಿ ಗೆ ಇಳಿಸಿದರೆ ಇ ಮೈನರ್. ಎಫ್ ಮೇಜರ್ ಮತ್ತು ಡಿ ಮೈನರ್ ನಡುವೆಯೂ ಹೀಗೆಯೇ. ಹಾಡು ಸಿ ಯನ್ನು ಮನೆ ಮಾಡಿಕೊಂಡು ಓಡುತ್ತಿರುವಾಗ ನಡುವೆ ಬರುವ ಎ ಮೈನರ್ ಕಿವಿಗೆ ಶೋಕವಾಗಿ ಬರುವುದಿಲ್ಲ; ಅದೇ ಹಾದಿಯಲ್ಲಿ ಮರದ ನೆರಳು ಹಾಯ್ದ ಹಾಗೆ ಬರುತ್ತದೆ, ಮುಂದಿನ ಎಫ್ ಅಥವಾ ಜಿ ಬರುವಷ್ಟರಲ್ಲಿ ಬಿಸಿಲು.

ಅದೇ ಎ ಮೈನರ್ ಅನ್ನು ಮನೆ ಮಾಡಿಕೊಂಡರೆ ಸಂಗತಿಯೇ ಬೇರೆ. ಇಲ್ಲಿ ಕಾರ್ಡ್ ಮತ್ತು ಸ್ಕೇಲ್ ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು, ಇಬ್ಬರಿಗೂ ಮೈನರ್ ಎಂಬ ಒಂದೇ ಹೆಸರಿರುವುದು ಗೊಂದಲದ ಮೂಲ. ಎ ಯಿಂದ ಎ ವರೆಗೆ ಬಿಳಿ ಕೀಗಳನ್ನೇ ನುಡಿಸಿದರೆ ಸಿಗುವುದು ಎ ನ್ಯಾಚುರಲ್ ಮೈನರ್ ಸ್ಕೇಲ್, ನಮ್ಮ ನಟಭೈರವಿ ರಾಗದ ಸ್ವರಗಳು. ಸಿ ಮೇಜರ್ ಸ್ಕೇಲಿನ ಸ್ವರಗಳೇ ಇವು; ಷಡ್ಜ ಎಲ್ಲಿ ಎಂಬುದಷ್ಟೇ ಬದಲಾಗಿದೆ. ಆದರೆ ಬಿಳಿ ಕೀಗಳಲ್ಲೇ ಎ ಮೈನರ್, ಡಿ ಮೈನರ್, ಇ ಮೈನರ್, ಎ ಮೈನರ್ ಎಂದು ನುಡಿಸಿದಾಗ ಮನೆಗೆ ಮರಳುವ ಸೆಳೆತ ಕಡಿಮೆ. ಇ ಮೈನರ್‌ನ ಜಿ ಎ ಯಿಂದ ಎರಡು ಸೆಮಿಟೋನ್ ದೂರದಲ್ಲಿ ಆರಾಮವಾಗಿ ನಿಂತಿರುತ್ತದೆ, ಅದಕ್ಕೆ ಎಲ್ಲಿಗೂ ಹೋಗುವ ಆತುರವಿಲ್ಲ. ಅದನ್ನು ಜಿ ಶಾರ್ಪ್‌ಗೆ ಏರಿಸಿ ಇ ಮೈನರ್ ಬದಲು ಇ ಮೇಜರ್ ಹಿಡಿಯಿರಿ. ಜಿ ಶಾರ್ಪ್ ಈಗ ಎ ಯ ಹೊಸ್ತಿಲ ಮೇಲೆ ನಿಂತಿದೆ, ಒಳಗೆ ಬರದೆ ಇರಲಾರದು. ಮೈನರ್ ಸ್ಕೇಲಿನ ಹಾಡುಗಳಲ್ಲಿ ಇದ್ದಕ್ಕಿದ್ದಂತೆ ಒಂದು ಕಪ್ಪು ಕೀ ಕಾಣಿಸಿಕೊಳ್ಳುವುದು ಹೆಚ್ಚಾಗಿ ಈ ಕಾರಣಕ್ಕೆ. ಹಾಗೆ ಏರಿಸಿದ ಸ್ಕೇಲಿಗೆ ಹಾರ್ಮೋನಿಕ್ ಮೈನರ್ ಎನ್ನುತ್ತಾರೆ. ಸ್ವರಗಳನ್ನು ಸಾಲಾಗಿ ಹಾಡಿಕೊಂಡರೆ ಕೀರವಾಣಿ ಎಂದು ನಿಮಗೇ ಗೊತ್ತಾಗುತ್ತದೆ.

ಮೈನರ್‌ನ ನಿಜವಾದ ಶಕ್ತಿ ಏನೆಂದು ಒಂದೇ ಉದಾಹರಣೆಯಲ್ಲಿ ತೋರಿಸಿ ಎಂದರೆ ನಾನು ಆರಿಸಿಕೊಳ್ಳುವುದು ಇದನ್ನು: ಸಿ ಮೇಜರ್, ಎಫ್ ಮೇಜರ್, ಎಫ್ ಮೈನರ್, ಸಿ ಮೇಜರ್. ಪ್ರತಿಯೊಂದಕ್ಕೂ ನಾಲ್ಕು ಎಣಿಕೆ ಕೊಟ್ಟು ನಿಧಾನವಾಗಿ ನುಡಿಸಿ. ಎಫ್ ಮೈನರ್ ಸಿ ಸ್ಕೇಲಿನ ಮನೆಯವನಲ್ಲ, ಅದರ ಎ ಫ್ಲಾಟ್ ಅಲ್ಲಿ ಇಲ್ಲದ ಸ್ವರ. ಆದರೂ ಅದು ಬಂದ ಕ್ಷಣ ಎದೆಯೊಳಗೆ ಏನೋ ಸಣ್ಣಗೆ ಹಿಂಡಿದಂತಾಗುತ್ತದೆ. ಯಾಕೆಂದು ಒಂದೇ ಬೆರಳಿನಿಂದ ಕೇಳಿ. ಎಫ್ ಮೇಜರ್‌ನ ಎ, ಎಫ್ ಮೈನರ್‌ನ ಎ ಫ್ಲಾಟ್, ಸಿ ಮೇಜರ್‌ನ ಜಿ: ಒಂದೊಂದೇ ಸೆಮಿಟೋನ್ ಇಳಿದು ಬರುವ ಮೂರು ಮೆಟ್ಟಿಲು. ಕೊನೆಯ ಮೆಟ್ಟಿಲು ಮನೆಯ ಪಂಚಮ. ಎಫ್ ಮೈನರ್ ಅನ್ನು ಬಿಟ್ಟು, ಎಫ್‌ನಿಂದ ನೇರ ಸಿ ಗೆ ಬನ್ನಿ. ತಪ್ಪೇನಿಲ್ಲ, ಆದರೆ ಆ ಹಿಂಡುವಿಕೆ ಹೋಯಿತು. ಮೈನರ್ ಭಾವವನ್ನು ಸುರಿಯುವ ಪಾತ್ರೆಯಲ್ಲ, ಒಂದು ಸ್ವರ ಎಲ್ಲಿಂದ ಎಲ್ಲಿಗೆ ಹೋಗುತ್ತಿದೆ ಎಂಬ ದಾರಿ. ನೀವು ಹಿಡಿಯುವ ಪ್ರತಿ ಮೈನರ್‌ನಲ್ಲೂ ನಡುವಿನ ಸ್ವರ ಎಲ್ಲಿಂದ ಬಂತು, ಮುಂದಿನ ಕಾರ್ಡಿನಲ್ಲಿ ಎಲ್ಲಿಗೆ ಹೋಯಿತು ಎಂದು ಬೆರಳಿಟ್ಟು ನೋಡುವ ಅಭ್ಯಾಸ ಮಾಡಿಕೊಳ್ಳಿ. ನಾನು ಕಲಿಸುವಾಗ ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡುವುದು ಇದಕ್ಕೆ.

ಕೈಗೆ ಸಂಬಂಧಿಸಿದ ಒಂದು ಸಣ್ಣ ಮಾತು. ಎಡಗೈಯಲ್ಲಿ ತೀರ ಕೆಳಗೆ ಮೈನರ್‌ನ ಮೂರೂ ಸ್ವರ ಒತ್ತಬೇಡಿ. ಕೆಳ ಸ್ಥಾಯಿಯಲ್ಲಿ ಹತ್ತಿರದ ಸ್ವರಗಳು ಬಿಡಿಬಿಡಿಯಾಗಿ ಕೇಳುವುದಿಲ್ಲ, ಗೊಜ್ಜಾಗುತ್ತವೆ. ಅಲ್ಲಿ ಎ ಮತ್ತು ಇ ಮಾತ್ರ ಸಾಕು, ಸಿ ಅನ್ನು ಬಲಗೈಗೆ ಬಿಡಿ. ಮೈನರ್ ಎಂದು ಹೇಳುವ ಸ್ವರ ಅದೊಂದೇ ಆದ್ದರಿಂದ ಅದು ಸ್ಪಷ್ಟವಾಗಿ ಕೇಳಬೇಕು. ಅದನ್ನು ಪೂರ್ತಿ ಬಿಟ್ಟರೆ ಉಳಿಯುವುದು ಮೇಜರೂ ಅಲ್ಲ, ಮೈನರೂ ಅಲ್ಲ. ಎಲೆಕ್ಟ್ರಿಕ್ ಗಿಟಾರಿನವರು ಪವರ್ ಕಾರ್ಡ್ ಎನ್ನುವುದು ಅದಕ್ಕೇ.

ಇನ್ನು ಬಾಯಿಪಾಠ. ಹನ್ನೆರಡನ್ನೂ ಬಿಡಿಬಿಡಿಯಾಗಿ ಉರು ಹೊಡೆಯುವುದು ಬೇಡ. ಡಿ, ಇ, ಎ ಮೈನರ್‌ಗಳು ಪೂರ್ತಿ ಬಿಳಿ. ಸಿ, ಎಫ್, ಜಿ ಮೈನರ್‌ಗಳಲ್ಲಿ ನಡುವಿನದು ಕಪ್ಪು, ಎರಡು ಕಡೆ ಬಿಳಿ. ಸಿ ಶಾರ್ಪ್, ಎಫ್ ಶಾರ್ಪ್, ಜಿ ಶಾರ್ಪ್ ಮೈನರ್‌ಗಳಲ್ಲಿ ಇದು ತಿರುಗಿದೆ, ನಡುವೆ ಬಿಳಿ, ಎರಡು ಕಡೆ ಕಪ್ಪು. ಇ ಫ್ಲಾಟ್ ಮೈನರ್ ಪೂರ್ತಿ ಕಪ್ಪು. ಅಲ್ಲಿಗೆ ಹತ್ತು ಮುಗಿದವು. ಉಳಿದ ಎರಡು ಒಂದನ್ನೊಂದು ತಿರುಗಿಸಿದ ಹಾಗಿವೆ: ಬಿ ಮೈನರ್ ಬಿಳಿ, ಬಿಳಿ, ಕಪ್ಪು, ಬಿ ಫ್ಲಾಟ್ ಮೈನರ್ ಕಪ್ಪು, ಕಪ್ಪು, ಬಿಳಿ. ಮೇಜರ್‌ಗಳು ನಿಮ್ಮ ಕೈಯಲ್ಲಿ ಈಗಾಗಲೇ ಕೂತಿರುವುದರಿಂದ ದಿನಕ್ಕೆ ಒಂದು ಮೇಜರ್ ಆರಿಸಿಕೊಂಡು, ಹೊರಗಿನ ಎರಡು ಬೆರಳು ಎತ್ತದೆ, ನಡುವಿನ ಬೆರಳನ್ನು ಮಾತ್ರ ಇಳಿಸಿ ಏರಿಸಿ. ಇಳಿಸುವ ಮುಂಚೆ ಆ ಸಾಧಾರಣ ಗಾಂಧಾರವನ್ನು ಬಾಯಲ್ಲಿ ಹಾಡಿ, ಆಮೇಲೆ ಕೀ ಒತ್ತಿ ತಾಳೆ ನೋಡಿ. ಹನ್ನೆರಡನೆಯ ದಿನ ಬರುವ ಮುಂಚೆಯೇ ಬೆರಳಿಗಿಂತ ಗಂಟಲು ಮೊದಲು ಅಲ್ಲಿಗೆ ತಲುಪತೊಡಗುತ್ತದೆ.